ಮನೆಗೆ ಮರಳದ 256 ರಾತ್ರಿ

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಂಡೆಯೊಂದರ ಮೇಲೆ ಒಂದು ಸಂಖ್ಯೆ ಇದೆ: 256. ಅಶೋಕನ ಕಾಲದ ಬ್ರಾಹ್ಮಿ ಲಿಪಿಯ ಸಾಲುಗಳ ನಡುವೆ ಕಣ್ಣಿಟ್ಟು ಹುಡುಕಿದರೆ ಮಾತ್ರ ಸಿಗುವ ಮೂರು ಗುರುತುಗಳು. ದೊರೆ ಅರಮನೆ ಬಿಟ್ಟು ಸಂಚಾರದಲ್ಲೇ ಕಳೆದ ರಾತ್ರಿಗಳ ಲೆಕ್ಕ ಅದು. ಎಂಟೂವರೆ ತಿಂಗಳ ಕಾಲ ಒಂದು ರಾತ್ರಿಯೂ ತನ್ನ ಮನೆಯಲ್ಲಿ ಮಲಗದ ಮನುಷ್ಯನೊಬ್ಬನ ಲೆಕ್ಕ.

ಇನ್ನೊಂದು ಸಂಖ್ಯೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ: 274. 2023ರ ಡಿಸೆಂಬರಿನಲ್ಲಿ ಅಮೆರಿಕದ ಮಯಾಮಿ ಬಂದರಿನಿಂದ 'ಸೆರೆನೇಡ್ ಆಫ್ ದಿ ಸೀಸ್' ಎಂಬ ಪ್ರವಾಸಿ ಹಡಗು ಹೊರಟಿತು. ಭೂಮಿ ಸುತ್ತಿ 2024ರ ಸೆಪ್ಟೆಂಬರಿನಲ್ಲಿ ಅಲ್ಲಿಗೇ ಬಂದು ನಿಂತಿತು. ರಾಯಲ್ ಕೆರಿಬಿಯನ್ ಕಂಪನಿ ಇದನ್ನು ಮಾರಿದ್ದು 274 ರಾತ್ರಿಗಳ ಯಾನ, 60ಕ್ಕೂ ಹೆಚ್ಚು ದೇಶ ಎಂದು. ನಾಲ್ಕು ಭಾಗಗಳಲ್ಲಿ ಯಾವುದಾದರೂ ಒಂದಕ್ಕೆ ಟಿಕೆಟ್ ಕೊಳ್ಳಬಹುದಿತ್ತು, ನಾಲ್ಕನ್ನೂ ಒಟ್ಟಿಗೆ ಕೊಳ್ಳಬಹುದಿತ್ತು. ಒಟ್ಟಿಗೆ ಕೊಂಡವರು ಒಂದೇ ಹಡಗಿನಲ್ಲಿ ಒಂದರ ಹಿಂದೊಂದು ನಾಲ್ಕು ಯಾನ ಮಾಡಿದರು. ಕಡೆಗೆ ಇಳಿಯುವಾಗ ಅವರ ಲೆಕ್ಕ ಅಶೋಕನ ಲೆಕ್ಕಕ್ಕಿಂತ ಹೆಚ್ಚಾಗಿದ್ದದ್ದು ಬರೀ 18 ರಾತ್ರಿ.

ಎರಡು ಸಂಖ್ಯೆಗಳ ನಡುವೆ ಸುಮಾರು 2,280 ವರ್ಷಗಳಿವೆ. ಈ ಅವಧಿಯಲ್ಲಿ ದಿಕ್ಸೂಚಿ ಬಂತು, ಉಗಿಯಂತ್ರ ಬಂತು, ಡೀಸೆಲ್ ಬಂತು, ದಾರಿ ತೋರುವ ಉಪಗ್ರಹ ಬಂತು. ಮನುಷ್ಯ ಮನೆಯಿಂದ ದೂರ ಇರಬಲ್ಲ ಅವಧಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಂತಿದೆ. ನನ್ನನ್ನು ಈ ಲೆಕ್ಕಗಳ ಬೆನ್ನು ಹತ್ತುವಂತೆ ಮಾಡಿದ್ದು ಇದೇ ಸಂಗತಿ.

ಒಂದೇ ಹಡಗಿನಲ್ಲಿ ಸಾಲಾಗಿ ಯಾನ ಮಾಡುವುದನ್ನು ಆ ವಲಯದವರು 'ಬ್ಯಾಕ್ ಟು ಬ್ಯಾಕ್' ಎನ್ನುತ್ತಾರೆ. ಕೆರಿಬಿಯನ್ ಸಮುದ್ರದಲ್ಲಿ ಇಂಥ ಹಡಗುಗಳು ಬಹುಪಾಲು ವಾರದ ಲೆಕ್ಕದಲ್ಲಿ ಓಡುತ್ತವೆ. ಶನಿವಾರ ಹೊರಟರೆ ಮುಂದಿನ ಶನಿವಾರ ಬೆಳಗಿನ ಜಾವ ಅದೇ ಬಂದರಿಗೆ ವಾಪಸ್ಸು. ಹತ್ತು ಗಂಟೆಯೊಳಗೆ ಹಳಬರು ಇಳಿಯಬೇಕು, ಮಧ್ಯಾಹ್ನದ ಹೊತ್ತಿಗೆ ಹೊಸಬರು ಹತ್ತಬೇಕು, ಸಂಜೆ ಹಡಗು ಮತ್ತೆ ಹೊರಡಬೇಕು. ಈ ಅವಸರದ ನಡುವೆ ಒಂದು ಸಣ್ಣ ಗುಂಪು ಕೈಯಲ್ಲೊಂದು ಚೀಟಿ ಹಿಡಿದು ಊಟದ ಹಾಲಿನಲ್ಲೋ ಲೌಂಜಿನಲ್ಲೋ ಕೂತಿರುತ್ತದೆ. ಅವರ ಸಾಮಾನು ಕೋಣೆಯಲ್ಲೇ ಇರುತ್ತದೆ, ಬಟ್ಟೆ ಕಪಾಟಿನಲ್ಲೇ ಇರುತ್ತದೆ, ಮುಂದಿನ ವಾರವೂ ಅದೇ ಹಾಸಿಗೆ. ಆದರೂ ಅವರು ಇಳಿಯಲೇಬೇಕು. ಅಮೆರಿಕದ ಗಡಿ ಅಧಿಕಾರಿಗಳ ಪ್ರಕಾರ ಹೊಸ ಯಾನ ಆರಂಭವಾಗುವ ಮೊದಲು ಹಡಗಿನ ಪ್ರಯಾಣಿಕರ ಲೆಕ್ಕ ಒಮ್ಮೆ ಸೊನ್ನೆಗೆ ಬರಬೇಕು. ಕೊನೆಯ ಪ್ರಯಾಣಿಕ ಇಳಿದು, ಎಣಿಕೆ ಸೊನ್ನೆಯಾಯಿತೆಂದು ಖಾತ್ರಿಯಾದ ಮೇಲೆ ಈ ಗುಂಪನ್ನೇ ಮೊದಲು ಹತ್ತಿಸುತ್ತಾರೆ. ಆ ಕೆಲವು ನಿಮಿಷ ಸಾವಿರಾರು ಹಾಸಿಗೆಗಳ ಹಡಗಿನೊಳಗೆ ಸಿಬ್ಬಂದಿ ಬಿಟ್ಟರೆ ಬೇರೆ ನರಪಿಳ್ಳೆ ಇರುವುದಿಲ್ಲ.

ಕಾನೂನಿನ ಲೆಕ್ಕ ಬೇರೆಯೇ ಇದೆ. ಅಮೆರಿಕದಲ್ಲಿ 1886ರ ಪ್ರಯಾಣಿಕ ನೌಕಾ ಕಾಯ್ದೆ ಇನ್ನೂ ಜಾರಿಯಲ್ಲಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ್ದೇ ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ ನಡುವೆ ದೂರದ ಪರದೇಶದ ಬಂದರೊಂದನ್ನು ಮುಟ್ಟಿರಬೇಕು. ಹತ್ತಿರದ ಕೆನಡಾ ಮುಟ್ಟಿದರೆ ಸಾಲದು. ಒಬ್ಬರು ಸ್ಯಾನ್ ಫ್ರಾನ್ಸಿಸ್ಕೋದಿಂದ ಕೆನಡಾದ ವ್ಯಾಂಕೂವರ್‌ಗೆ ಒಂದು ಯಾನ, ಅದೇ ಹಡಗಿನಲ್ಲಿ ವ್ಯಾಂಕೂವರಿನಿಂದ ಅಲಾಸ್ಕಾದ ಬಂದರಿಗೆ ಇನ್ನೊಂದು ಯಾನ ಕೊಂಡರೆನ್ನಿ. ಟಿಕೆಟ್ ಎರಡಾದರೂ ಕಾನೂನಿನ ಕಣ್ಣಿಗೆ ಅದು ಒಂದೇ ಪ್ರಯಾಣ, ಹಾಗಾಗಿ ತಪ್ಪು. ಗಡಿ ಅಧಿಕಾರಿ ಸೊನ್ನೆಯಿಂದ ಎಣಿಸುತ್ತಾನೆ, ಕಾಯ್ದೆ ಕೂಡಿಸಿಕೊಂಡು ಎಣಿಸುತ್ತದೆ. ಪ್ರಯಾಣ ಎಲ್ಲಿ ಮುಗಿಯಿತು ಎಂಬ ಪ್ರಶ್ನೆಗೆ ಒಂದೇ ದೇಶದಲ್ಲಿ ಎರಡು ಉತ್ತರ.

ಹಡಗಿನ ಗಾತ್ರಕ್ಕೆ ಬರೋಣ. 2024ರ ಜನವರಿಯಲ್ಲಿ ಮೊದಲ ಯಾನಕ್ಕೆ ಹೊರಟ 'ಐಕನ್ ಆಫ್ ದಿ ಸೀಸ್' ಹಡಗಿನ ಉದ್ದ ಸುಮಾರು 365 ಮೀಟರ್. ಇಪ್ಪತ್ತು ಅಂತಸ್ತು. ಒಟ್ಟು ಗಾತ್ರ 2,48,663 ಟನ್. ಈ ಟನ್ ತೂಕವಲ್ಲ, ಹಡಗಿನೊಳಗೆ ಮುಚ್ಚಿದ ಜಾಗ ಎಷ್ಟಿದೆ ಎಂಬುದರ ಅಳತೆ. ಕೋಣೆಗೆ ಇಬ್ಬರಂತೆ 5,610 ಪ್ರಯಾಣಿಕರು, ಎಲ್ಲ ಮಂಚಗಳೂ ತುಂಬಿದರೆ 7,600. ಸಿಬ್ಬಂದಿ 2,350. ಅಂದರೆ ತುಂಬಿದ ವಾರದಲ್ಲಿ ಸುಮಾರು 10 ಸಾವಿರ ಜನ ನೀರಿನ ಮೇಲೆ.

ಇಂಥ ಹಡಗಿನಲ್ಲಿ ಒಬ್ಬರು ಇಳಿಯದೆ ಒಂದು ವರ್ಷ ಕಳೆದರು ಎನ್ನಿ. ವಾರಕ್ಕೊಂದರಂತೆ 52 ಯಾನ. ಕೋಣೆಗೆ ಇಬ್ಬರ ಲೆಕ್ಕದಲ್ಲೇ ಅವರ ಸುತ್ತ 2,91,720 ಜನ ಬಂದು ಹೋಗಿರುತ್ತಾರೆ. 2011ರ ಜನಗಣತಿಯಂತೆ ಈ ಸಿದ್ದಾಪುರ ಇರುವ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಹೊಳಲ್ಕೆರೆಯ ಅಡಿಕೆ ತೋಟದವರು, ಹಿರಿಯೂರಿನವರು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು, ಮೊಳಕಾಲ್ಮುರಿನ ರೇಷ್ಮೆ ನೇಕಾರರು, ಹಟ್ಟಿಗಳ ಮ್ಯಾಸಬೇಡರು, ಕೂಸು ಕುನ್ನಿ ಸಮೇತ ಇಡೀ ಜಿಲ್ಲೆ ಆ ಒಂದು ಹಡಗಿನಲ್ಲಿ ಸರದಿಯಂತೆ ಒಂದೊಂದು ವಾರ ಹೋಗಿಬರಬೇಕೆಂದರೆ 296 ವಾರ ಬೇಕು. ಐದು ವರ್ಷ ಎಂಟು ತಿಂಗಳಲ್ಲಿ ಜಿಲ್ಲೆಯ ಸರದಿ ಮುಗಿಯುತ್ತದೆ.

ಹೀಗೆ ಹಡಗಿನಲ್ಲೇ ಉಳಿದುಬಿಟ್ಟವರು ನಿಜಕ್ಕೂ ಇದ್ದಾರೆ. ಬಿಯಾಟ್ರಿಸ್ ಮುಲ್ಲರ್ ಎಂಬ ಅಮೆರಿಕದ ವೃದ್ಧೆ 2000ದಲ್ಲಿ 'ಕ್ವೀನ್ ಎಲಿಜಬೆತ್ 2' ಹಡಗನ್ನೇ ಮನೆ ಮಾಡಿಕೊಂಡರು. 2008ರ ಕೊನೆಗೆ ಹಡಗು ನಿವೃತ್ತವಾಗಿ ದುಬೈಗೆ ಹೋಗುವ ತನಕ ಅಲ್ಲೇ ಇದ್ದರು. 3,000ಕ್ಕೂ ಹೆಚ್ಚು ರಾತ್ರಿ, ಅಶೋಕನ ಸಂಚಾರದ ಹನ್ನೆರಡು ಪಟ್ಟು. ಆ ಹಡಗಿನ ಬದುಕೂ ಬೆರಗಿನದೇ. 1969ರಿಂದ 2008ರವರೆಗೆ ಅದು ಅಟ್ಲಾಂಟಿಕ್ ಸಾಗರವನ್ನು 800ಕ್ಕೂ ಹೆಚ್ಚು ಸಲ ದಾಟಿತು. ಸುಮಾರು 25 ಲಕ್ಷ ಪ್ರಯಾಣಿಕರನ್ನು ಹೊತ್ತಿತು. ಓಡಿದ ದೂರ 1 ಕೋಟಿ ಕಿಲೋಮೀಟರಿಗೂ ಹೆಚ್ಚು. ಭೂಮಿಯ ನಡುಪಟ್ಟಿಯ ಸುತ್ತಳತೆ 40,075 ಕಿಲೋಮೀಟರ್ ಆದ್ದರಿಂದ ಇದು 250 ಪ್ರದಕ್ಷಿಣೆ ಮೀರಿದ ಓಟ.

ಮಯಾಮಿಯ ಮಾರಿಯೋ ಸಾಲ್ಸೆಡೋ ಇನ್ನೂ ಮುಂದೆ ಹೋದರು. ದೊಡ್ಡ ಕಂಪನಿಯ ಹಣಕಾಸಿನ ಕೆಲಸ ಬಿಟ್ಟು 1990ರ ದಶಕದ ಕೊನೆಯಲ್ಲಿ ಹಡಗು ಹತ್ತಿದವರು, ಬಹುಪಾಲು ಒಂದೇ ಕಂಪನಿಯ ಹಡಗುಗಳಲ್ಲಿ ವಾರದ ಮೇಲೆ ವಾರ ಉಳಿಯುತ್ತ ಬಂದರು. 2018ರಲ್ಲಿ ಅವರ ಮೇಲೆ ಕಿರುಚಿತ್ರವೂ ಬಂತು. ಅವರ ಯಾನಗಳ ಸಂಖ್ಯೆ ಸಾವಿರ ದಾಟಿದೆ. ಸರಾಸರಿ ಏಳು ರಾತ್ರಿ ಹಿಡಿದರೂ 7,000 ರಾತ್ರಿ, 19 ವರ್ಷ. ಅಶೋಕನ 256ನ್ನು 27 ಸಲ ಇದರಲ್ಲಿ ಇಡಬಹುದು.

ಹಾಗಾದರೆ ಸಿದ್ದಾಪುರದ 256 ಸಣ್ಣದೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆ ಒಂದೊಂದು ರಾತ್ರಿಯ ಹಿಂದೆ ಏನಿತ್ತು ಎಂದು ನೋಡಿದಷ್ಟೂ ಅದು ಬೆಳೆಯುತ್ತ ಹೋಗುತ್ತದೆ.

1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಈ ಭಾಗದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಒಂದಲ್ಲ, ಮೂರು. ಬ್ರಹ್ಮಗಿರಿಯಲ್ಲಿ ಊರವರು ಅಕ್ಷರಗುಂಡು ಎನ್ನುವ ಬಂಡೆಯ ಮೇಲೆ 13 ಸಾಲು. ಅಲ್ಲಿಂದ ಸುಮಾರು ಒಂದು ಮೈಲಿ ದೂರದ ಸಿದ್ದಾಪುರದ ಬಂಡೆಯ ಮೇಲೆ 22 ಸಾಲು. ಬ್ರಹ್ಮಗಿರಿಯಿಂದ ಮೂರು ಮೈಲಿ ವಾಯವ್ಯಕ್ಕೆ, ಹಳೆಯ ಗೆಜೆಟಿಯರುಗಳು 3,469 ಅಡಿ ಎಂದು ಎತ್ತರ ಕೊಡುವ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಮತ್ತೊಂದು. ಅದು ದೇವಸ್ಥಾನದ ಮೆಟ್ಟಿಲ ಬುಡದಲ್ಲೇ ಇದೆ. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲೇ ಅಂಗಡಿ ಹೂಡುತ್ತಿದ್ದರಿಂದ ಅದಕ್ಕೆ ಬಳೆಗಾರರ ಗುಂಡು ಎಂದು ಹೆಸರು. ಕಾಲ್ತುಳಿತಕ್ಕೆ ಅಕ್ಷರಗಳು ಸವೆದು ಮೂರರಲ್ಲಿ ಅದೇ ಹೆಚ್ಚು ಹಾಳಾಗಿದೆ. ಮೂರರಲ್ಲೂ ಒಂದೇ ವಿಷಯ.

ಸಂಖ್ಯೆಯ ಅರ್ಥ ಒಮ್ಮೆಗೇ ತಿಳಿಯಲಿಲ್ಲ. ಇದೇ ಶಾಸನದ ಉತ್ತರದ ಪ್ರತಿಗಳು, ಬಿಹಾರದ ಸಸಾರಾಮ್ ಮತ್ತು ಮಧ್ಯಪ್ರದೇಶದ ರೂಪನಾಥದವು, ಮೊದಲೇ ಗೊತ್ತಿದ್ದವು. ಜರ್ಮನ್ ವಿದ್ವಾಂಸ ಬ್ಯೂಲರ್ 256 ಎಂದರೆ ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳು ಎಂದು ವಾದಿಸಿದ್ದರು. ಹಾಗಿದ್ದಿದ್ದರೆ ಭಾರತದ ಇತಿಹಾಸಕ್ಕೆ ಅದೊಂದು ದೊಡ್ಡ ಕಾಲಗಂಬವೇ ಆಗುತ್ತಿತ್ತು, ಬುದ್ಧನ ಕಾಲ ಒಂದೇ ಏಟಿಗೆ ನಿಗದಿಯಾಗುತ್ತಿತ್ತು. ಆದರೆ 1910ರಲ್ಲಿ ಎಫ್. ಡಬ್ಲ್ಯೂ. ಥಾಮಸ್ ಸಸಾರಾಮ್ ಪ್ರತಿಯನ್ನು ಮತ್ತೆ ಓದಿದರು. ಅಲ್ಲಿ ಸಂಖ್ಯೆಯನ್ನು ಅಂಕಿಯಲ್ಲಷ್ಟೇ ಅಲ್ಲದೆ ಮಾತಿನಲ್ಲೂ ಬರೆದಿದೆ, ಜೊತೆಗೆ ರಾತ್ರಿ ಎಂಬರ್ಥದ ಪದವಿದೆ ಎಂದು ತೋರಿಸಿದರು. ವರ್ಷಗಳೆಂದುಕೊಂಡದ್ದು ರಾತ್ರಿಗಳಾದವು. ಇತಿಹಾಸಕಾರರು ಒಂದು ಕಾಲಗಂಬ ಕಳೆದುಕೊಂಡರು, ನಮಗೆ ದಾರಿಯಲ್ಲಿರುವ ಒಬ್ಬ ದೊರೆ ಸಿಕ್ಕಿದ. ನನ್ನ ಮಟ್ಟಿಗೆ ಇದು ಲಾಭದ ವಿನಿಮಯ. ಮುಂದೆ ಉತ್ತರ ಪ್ರದೇಶದ ಅಹ್ರೌರಾದಲ್ಲಿ ಸಿಕ್ಕ ಪ್ರತಿಯಲ್ಲಿ ಈ ರಾತ್ರಿಗಳ ಎಣಿಕೆ ಬುದ್ಧನ ಅವಶೇಷಗಳನ್ನು ಪ್ರತಿಷ್ಠೆ ಮಾಡಿದಂದಿನಿಂದ ಶುರುವಾಗುತ್ತದೆ ಎಂದು ಹಲವು ವಿದ್ವಾಂಸರು ಓದುತ್ತಾರೆ.

ಅಂಕಿಯನ್ನು ಬರೆದ ಬಗೆ ನೋಡಿ. ಇಂದಿನ ಹಾಗೆ 2, 5, 6 ಎಂದು ಪಕ್ಕಪಕ್ಕ ಇಟ್ಟಿಲ್ಲ. 200ಕ್ಕೆ ಒಂದು ಗುರುತು, 50ಕ್ಕೆ ಒಂದು, 6ಕ್ಕೆ ಒಂದು. ಸ್ಥಾನಬೆಲೆ ಇಲ್ಲ, ಸೊನ್ನೆ ಇಲ್ಲ. ನೂರುಗಳು, ಹತ್ತುಗಳು, ಬಿಡಿಗಳು ತಂತಮ್ಮ ಗುರುತು ಹೊತ್ತು ಸಾಲಾಗಿ ನಿಂತಿವೆ. ಕರ್ನಾಟಕದ ನೆಲದಲ್ಲಿ ನಮಗೆ ಓದಲು ಸಿಗುವ ಅತ್ಯಂತ ಹಳೆಯ ಅಂಕಿಗಳ ಸಾಲಿನಲ್ಲಿ ಇವು ಸೇರುತ್ತವೆ. ನಮ್ಮ ನಾಡಿನಲ್ಲಿ ಅಷ್ಟು ಹಿಂದೆ ಬರೆದ ಸಂಖ್ಯೆಯೊಂದು ಎಣಿಸುತ್ತಿರುವುದು ದನವನ್ನಲ್ಲ, ಧಾನ್ಯವನ್ನಲ್ಲ, ಪ್ರಯಾಣವನ್ನು. ಮಯಾಮಿಯಲ್ಲಿ ಹೊಸ ಯಾನ ಹೊರಡಲು ಸೊನ್ನೆ ಕಡ್ಡಾಯ. ಅಶೋಕನ ಕರಣಿಕರು ಸೊನ್ನೆಯೇ ಇಲ್ಲದೆ ಎಂಟೂವರೆ ತಿಂಗಳು ಒಂದು ರಾತ್ರಿ ತಪ್ಪದಂತೆ ಲೆಕ್ಕ ಇಟ್ಟರು.

ಆ ರಾತ್ರಿಗಳಲ್ಲಿ ಎಷ್ಟು ಜನ ಜೊತೆಗಿದ್ದರು ಎಂಬುದು ಶಾಸನದಲ್ಲಿಲ್ಲ. ಆದರೆ ಮೌರ್ಯರ ಬೀಡಿನ ಗಾತ್ರಕ್ಕೆ ಒಂದು ಸಾಕ್ಷಿ ಬೇರೆ ಕಡೆ ಇದೆ. ಅಶೋಕನ ತಾತ ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಚಂದ್ರಗುಪ್ತನ ಬೀಡಿನಲ್ಲಿ 4 ಲಕ್ಷ ಜನ ಇದ್ದರೆಂದೂ, ಅಷ್ಟು ಜನರ ನಡುವೆ ಒಂದು ದಿನ ಕಳುವಾಗುತ್ತಿದ್ದ ಮಾಲಿನ ಬೆಲೆ 200 ದ್ರಾಕ್ಮಾ ಮೀರುತ್ತಿರಲಿಲ್ಲವೆಂದೂ ಬರೆದಿದ್ದಾಗಿ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಹೇಳುತ್ತಾನೆ. ಗ್ರೀಕರ ದೊಡ್ಡ ಸಂಖ್ಯೆಗಳನ್ನು ಪೂರ್ತಿ ನಂಬಬೇಕಿಲ್ಲ. ಅರ್ಧ ಹಿಡಿಯಿರಿ, ಕಾಲು ಹಿಡಿಯಿರಿ. ಹತ್ತರಲ್ಲೊಂದು ಪಾಲು ಹಿಡಿದರೂ 40 ಸಾವಿರ, ಅಂದರೆ ತುಂಬಿ ತುಳುಕುವ ನಾಲ್ಕು 'ಐಕನ್' ಹಡಗು. ಹಡಗಿನ ಅಡುಗೆಮನೆ ಇದ್ದಲ್ಲೇ ಇರುತ್ತದೆ. ಬೀಡಿನದು ಬೆಳಗಾದರೆ ಕಿತ್ತು, ಹೇರಿ, ನಡೆದು, ಸಂಜೆ ಮತ್ತೆ ಹೂಡಬೇಕಾದದ್ದು. ಒಲೆಗೆ ಸೌದೆ, ಕುದುರೆಗೆ ಹುಲ್ಲು, ಆನೆಗೆ ನೀರು, ಎಲ್ಲವನ್ನೂ ಅಂದಂದಿನ ನೆಲದಲ್ಲೇ ಹುಡುಕಬೇಕಾದದ್ದು.

ವೇಗದ ಲೆಕ್ಕ ಹಾಕಿದರೆ ಅಂತರ ಇನ್ನೂ ಹಿಗ್ಗುತ್ತದೆ. ಇಂದಿನ ಪ್ರವಾಸಿ ಹಡಗು 20 ನಾಟ್ ವೇಗದಲ್ಲಿ ಹೋದರೆ ಗಂಟೆಗೆ 37 ಕಿಲೋಮೀಟರ್ ಆಯಿತು, ದಿನಕ್ಕೆ ಸುಮಾರು 890. ಸಿದ್ದಾಪುರದಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಕಾರವಾರದ ಕಡಲು 300 ಕಿಲೋಮೀಟರ್ ಒಳಗೇ ಸಿಗುತ್ತದೆ. ಹಡಗಿಗೆ ಅದು ಎಂಟು ಗಂಟೆಯ ದಾರಿ, ರಾತ್ರಿ ಊಟ ಮಾಡಿ ಮಲಗಿ ಏಳುವಷ್ಟರಲ್ಲಿ ಮುಗಿಯುವಂಥದ್ದು. ಅಶೋಕನ ರಾಜಧಾನಿ ಪಾಟಲಿಪುತ್ರಕ್ಕೆ ಇಲ್ಲಿಂದ ನೇರ ದೂರ ಸುಮಾರು 1,480 ಕಿಲೋಮೀಟರ್. ಹಡಗಿನ ವೇಗದಲ್ಲಿ 40 ಗಂಟೆ. ದಿನಕ್ಕೆ ಮೂರು ಹರದಾರಿ, ಅಂದರೆ ಸುಮಾರು 15 ಕಿಲೋಮೀಟರ್ ಸಾಗುವ ಬೀಡಿಗೆ ದಾರಿಯಲ್ಲಿ ಹೊಳೆ, ಕಾಡು, ಕಣಿವೆ ಯಾವುದೂ ಅಡ್ಡ ಬರದಿದ್ದರೂ ನೂರು ದಿನ. 256 ರಾತ್ರಿ ಎಂದರೆ ಹಾಗೆ ಒಮ್ಮೆ ಹೋಗಿ ಬಂದು, ನಡುವೆ ಅಲ್ಲಲ್ಲಿ ತಂಗಲು 50 ದಿನವೂ ಉಳಿಯುವಷ್ಟು ಕಾಲ. ಅಶೋಕ ಈ ದಾರಿಯಲ್ಲೇ ಬಂದಿದ್ದ ಎಂದು ನಾನು ಹೇಳುತ್ತಿಲ್ಲ. ಅವನ ರಾಜ್ಯ ಎಷ್ಟು ಅಗಲವಿತ್ತೆಂದರೆ ಅದನ್ನು ಅಳೆಯಲು ರಾತ್ರಿಗಳೇ ಸರಿಯಾದ ಮಾನ.

ಇನ್ನೊಂದು ಸಂಗತಿ ಇದೆ, ಇಡೀ ಶಾಸನದಲ್ಲಿ ನನಗೆ ಅತ್ಯಂತ ಬೆರಗಿನದು. ಸಿದ್ದಾಪುರ ಮತ್ತು ಸಸಾರಾಮ್ ನಡುವಿನ ನೇರ ದೂರ 1,300 ಕಿಲೋಮೀಟರಿಗೂ ಹೆಚ್ಚು. ಎರಡೂ ಕಡೆ ಸಂಖ್ಯೆ 256. ರೂಪನಾಥದಲ್ಲೂ 256, ಇಲ್ಲಿಂದ ನೇರ ದೂರದಲ್ಲಿ 90 ಕಿಲೋಮೀಟರಿನಷ್ಟಿರುವ ಆಂಧ್ರದ ಎರ್ರಗುಡಿಯಲ್ಲೂ 256. ಒಂದೇ ದಿನ ಎಲ್ಲ ಕಡೆ ಕೆತ್ತಿರಲು ಸಾಧ್ಯವಿಲ್ಲ. ಅಂದರೆ ಇದು ಕೆತ್ತಿದ ದಿನದ ಲೆಕ್ಕವಲ್ಲ, ದೊರೆಯ ಬೀಡಿನಿಂದ ಮಾತು ಹೊರಟ ದಿನದ ಲೆಕ್ಕ. ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನದ ಮೊದಲಲ್ಲೇ ಮಾತು ಬಂದ ದಾರಿ ಬರೆದಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಅಪ್ಪಣೆಯಂತೆ ಇಸಿಲದ ಮಹಾಮಾತ್ರರಿಗೆ, ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ವಿಷಯ. ಇಸಿಲ ಎಂದರೆ ಈ ಬ್ರಹ್ಮಗಿರಿ ಸಿದ್ದಾಪುರದ ಸೀಮೆಯೇ ಎಂದು ವಿದ್ವಾಂಸರು ತಿಳಿದಿದ್ದಾರೆ. ದೊರೆಯಿಂದ ಸುವರ್ಣಗಿರಿಗೆ, ಅಲ್ಲಿಂದ ಇಸಿಲಕ್ಕೆ, ಅಲ್ಲಿಂದ ಬಂಡೆಗೆ. ಇಷ್ಟು ಕೈ ದಾಟಿದರೂ ಯಾರೂ ಸಂಖ್ಯೆ ತಿದ್ದಲಿಲ್ಲ. ಇಲ್ಲಿ ಉಳಿ ಬಂಡೆ ಮುಟ್ಟುವ ಹೊತ್ತಿಗೆ ಆ ಲೆಕ್ಕ 300ಕ್ಕೆ ಹತ್ತಿರವಾಗಿತ್ತೋ, ದೊರೆ ಅಷ್ಟರಲ್ಲಿ ಮನೆ ಸೇರಿದ್ದನೋ, ಬಂಡೆಯ ಮೇಲೆ ಮಾತ್ರ ಅವನು 256ನೇ ರಾತ್ರಿಯಲ್ಲೇ ಇದ್ದಾನೆ. ಅಂದಿನಿಂದ ಆ ಬಂಡೆಯ ಮೇಲೆ ಕಳೆದ ರಾತ್ರಿಗಳನ್ನು ಎಣಿಸಿದರೆ 8 ಲಕ್ಷ 30 ಸಾವಿರದ ಸುತ್ತಮುತ್ತ ಬರುತ್ತದೆ.

ಇದೇ ಅಶೋಕ ವಿಹಾರದ ಪ್ರಯಾಣವನ್ನು ಬಲ್ಲವನೇ ಆಗಿದ್ದ. ಎರ್ರಗುಡಿಯ ಬಂಡೆಗಳ ಮೇಲಿರುವ 8ನೇ ಶಿಲಾಶಾಸನದಲ್ಲಿ ಹಿಂದಿನ ರಾಜರು ಬೇಟೆ ಮತ್ತು ಮೋಜಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರೆಂದೂ, ತಾನು ಪಟ್ಟಕ್ಕೆ ಬಂದ ಹತ್ತು ವರ್ಷಕ್ಕೆ ಬುದ್ಧನಿಗೆ ಬೋಧಿಯಾದ ಸ್ಥಳಕ್ಕೆ ಹೋದೆನೆಂದೂ, ಅಲ್ಲಿಂದ ಧರ್ಮಯಾತ್ರೆ ಶುರುವಾಯಿತೆಂದೂ ಹೇಳಿಕೊಂಡಿದ್ದಾನೆ. ಮಧ್ಯಪ್ರದೇಶದ ಪಾನಗುರಾರಿಯಾದ ಸಾರು ಮಾರು ಗುಹೆಯ ಗೋಡೆಯಲ್ಲಿ ಅವನು ರಾಜಕುಮಾರನಾಗಿದ್ದಾಗ ವಿಹಾರಕ್ಕೆಂದು ಅಲ್ಲಿಗೆ ಬಂದಿದ್ದ ನೆನಪಿನ ಬರಹವೂ ಇದೆ. ವಿಹಾರಕ್ಕೆ ಹೊರಟ ಹುಡುಗನೇ ಮುಂದೆ ಹಳ್ಳಿಯವರನ್ನು ಕಾಣಲು, ಮುದುಕರಿಗೆ ಹೊನ್ನು ಹಂಚಲು, ಧರ್ಮದ ಮಾತಾಡಲು ತಿಂಗಳುಗಟ್ಟಲೆ ತಿರುಗಿದ. ಅಧಿಕಾರಿಗಳೂ ಐದು ವರ್ಷಕ್ಕೊಮ್ಮೆ ಸಂಚಾರ ಹೊರಡಬೇಕೆಂದು 3ನೇ ಶಿಲಾಶಾಸನದಲ್ಲಿ ಆಜ್ಞೆ ಮಾಡಿದ.

ಹಡಗಿನ ಮಾತಿಗೆ ಮರಳುತ್ತೇನೆ, ಯಾಕೆಂದರೆ ಅಲ್ಲಿ ಇನ್ನೂ ಒಂದು ದೊಡ್ಡ ಲೆಕ್ಕ ಬಾಕಿ ಇದೆ. ಸಾಲಾಗಿ ಯಾನ ಮಾಡಿದವರೆಂದರೆ ಪತ್ರಿಕೆಗಳು ಹಣವಂತ ಪ್ರಯಾಣಿಕರ ಹೆಸರನ್ನೇ ಬರೆಯುತ್ತವೆ. ಒಂದೇ ಹಡಗಿನಲ್ಲಿ ನಿಜಕ್ಕೂ ಇಳಿಯದೆ ಉಳಿಯುವವರು ಸಿಬ್ಬಂದಿ. ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ಮಗ ಶಿಪ್ಪಿನಲ್ಲಿದ್ದಾನೆ ಎಂಬುದು ದಿನನಿತ್ಯದ ಮಾತು. ಅಡುಗೆಮನೆ, ಊಟದ ಹಾಲು, ಕೋಣೆಗಳ ಸ್ವಚ್ಛತೆ, ಎಂಜಿನ್ ವಿಭಾಗ, ಎಲ್ಲೆಲ್ಲೂ ಭಾರತೀಯರಿದ್ದಾರೆ. ಅವರ ಕಾಲಮಾನ 'ಸೈನ್ ಆನ್' ಆದ ದಿನದಿಂದ 'ಸೈನ್ ಆಫ್' ಆಗುವ ದಿನದವರೆಗೆ. ಕಾಂಟ್ರಾಕ್ಟು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಶೋಕನ ಎಂಟೂವರೆ ತಿಂಗಳು ಸರಿಯಾಗಿ ಇದರೊಳಗೇ ಕೂರುತ್ತದೆ.

ಏಳು ರಾತ್ರಿಯ ಯಾನದ ಹಡಗಿನಲ್ಲಿ 256 ರಾತ್ರಿ ಎಂದರೆ 36 ಯಾನ ಪೂರ್ತಿ, 37ನೆಯದರಲ್ಲಿ ನಾಲ್ಕು ರಾತ್ರಿ. ಪ್ರಯಾಣಿಕನಿಗೆ ಎರಡು ಯಾನ ಸಾಲಾಗಿ ಸಿಕ್ಕರೆ ಅದು ಹೇಳಿಕೊಳ್ಳುವ ಸಂಗತಿ, ಸಿಬ್ಬಂದಿಗೆ 36 ಸಾಲಾಗಿ ಆಗುವುದು ಒಂದು ಕಾಂಟ್ರಾಕ್ಟು. ಒಬ್ಬ ಹುಡುಗ ದಿನಕ್ಕೆ 15 ಕೋಣೆ ಸ್ವಚ್ಛ ಮಾಡುತ್ತಾನೆಂದು ಹಿಡಿದರೆ ಅಷ್ಟು ದಿನದಲ್ಲಿ 3,840 ಸಲ ಕೋಣೆ ಗುಡಿಸಿ ಹಾಸಿಗೆ ಹಾಸಿರುತ್ತಾನೆ. 36 ಶನಿವಾರ, ಹಳಬರು ಇಳಿದು ಹೊಸಬರು ಹತ್ತುವ ಆ ಕೆಲವೇ ಗಂಟೆಗಳಲ್ಲಿ, ಪ್ರತಿ ಕೋಣೆಯ ಹಾಸು ಹೊದಿಕೆಯನ್ನೆಲ್ಲ ಕಿತ್ತು ಹೊಸದು ಹಾಕಿರುತ್ತಾನೆ. ವಾರದ ರಜೆ ಎಂಬುದಿಲ್ಲ. 2006ರ ಸಾಗರ ಕಾರ್ಮಿಕ ಒಪ್ಪಂದ ಕೆಲಸಕ್ಕೆ ಗರಿಷ್ಠ ಮಿತಿ ಹಾಕಿದೆ: 24 ಗಂಟೆಗಳಲ್ಲಿ 14 ಗಂಟೆ, ಏಳು ದಿನಗಳಲ್ಲಿ 72 ಗಂಟೆ. ಒಬ್ಬರನ್ನು 12 ತಿಂಗಳು ತುಂಬುವಷ್ಟು ಕಾಲ ಸತತವಾಗಿ ಹಡಗಿನಲ್ಲಿ ಇರಿಸಿಕೊಳ್ಳುವಂತಿಲ್ಲ. ಭಾರತ ಈ ಒಪ್ಪಂದವನ್ನು 2015ರಲ್ಲಿ ಅನುಮೋದಿಸಿತು. ದಿನಕ್ಕೆ 10 ಗಂಟೆ ಎಂದರೂ 256 ದಿನಕ್ಕೆ 2,560 ಗಂಟೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಕಚೇರಿಗೆ ಹೋಗುವವರಿಗೆ ಅದೇ ಅವಧಿಯಲ್ಲಿ ಆಗುವುದು 1,463 ಗಂಟೆ. ಹತ್ತು ಕಾಂಟ್ರಾಕ್ಟು ಮುಗಿಸಿದ ಕುಂದಾಪುರದ ಹುಡುಗನೊಬ್ಬ 360 ಯಾನ ಮಾಡಿರುತ್ತಾನೆ. ಸಾಲ್ಸೆಡೋ ಸಾವಿರಕ್ಕೆ ಸಂಭ್ರಮಪಟ್ಟರು, ಈ 360ಕ್ಕೆ ಕೇಕು ಕತ್ತರಿಸುವವರಿಲ್ಲ. ಅದು ಅವನ ಸಿಡಿಸಿ ಪುಸ್ತಕದಲ್ಲಿ, ಅಂದರೆ ನಾವಿಕರ ಸೇವಾ ದಾಖಲೆಯಲ್ಲಿ, ಮುದ್ರೆಗಳಾಗಿ ಉಳಿಯುತ್ತದೆ, ಊರಲ್ಲಿ ಕಟ್ಟಿದ ಮನೆಯಾಗಿ, ತಂಗಿಯ ಮದುವೆಯಾಗಿ ನಿಲ್ಲುತ್ತದೆ.

ಅಶೋಕನ ಸಂಚಾರಕ್ಕೂ ಇಂಥ ಸಿಬ್ಬಂದಿ ಇದ್ದರು. ಬಹುಪಾಲು ಅವರ ಹೆಸರು ಉಳಿದಿಲ್ಲ. ಆದರೆ ನಮ್ಮ ಮೂರು ಬಂಡೆಗಳಲ್ಲಿ ಒಬ್ಬನ ಹೆಸರು ಉಳಿದಿದೆ, ಮೌರ್ಯ ಸಾಮ್ರಾಜ್ಯದ ಇಡೀ ಶಾಸನ ರಾಶಿಯಲ್ಲಿ ಬಲು ಅಪರೂಪವಾದ ಸಂಗತಿ ಇದು. ಅವನ ಹೆಸರು ಚಪಡ, ಲಿಪಿಕಾರ. ಶಾಸನವೆಲ್ಲ ಎಡದಿಂದ ಬಲಕ್ಕೆ ಓಡುವ ಬ್ರಾಹ್ಮಿ. ಕೊನೆಗೆ ಬರೆದವನು ಚಪಡ ಎಂದು ಸಹಿ ಹಾಕುವಾಗ ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದಲ್ಲಿ, ಇಂದಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ. ಅಲ್ಲಿಂದ ಸಿದ್ದಾಪುರಕ್ಕೆ ನೇರ ದೂರವೇ 2,000 ಕಿಲೋಮೀಟರ್ ಮೀರುತ್ತದೆ. ಅವನು ಅಲ್ಲಿಯವನೇ ಆಗಿದ್ದರೆ, ದಿನಕ್ಕೆ ಮೂರು ಹರದಾರಿಯಂತೆ ನಡೆದು ಬಂದಿದ್ದರೆ, ಬರೀ ಬರುವುದಕ್ಕೇ 140 ದಿನ ಹಿಡಿದಿರುತ್ತದೆ. ಅಲ್ಲಿಯವನಲ್ಲದೆ ಆ ಲಿಪಿಯನ್ನು ಬೇರೆಲ್ಲೋ ಕಲಿತಿದ್ದರೂ ಮೊಳಕಾಲ್ಮುರಿನ ಕಲ್ಲುಗುಡ್ಡಗಳ ನಡುವೆ ಆಗ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು?

ತಾಯಿ ತಂದೆಯರ ಮಾತು ಕೇಳಬೇಕು, ಗುರುಗಳನ್ನು ಗೌರವಿಸಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು ಎಂಬ ದೊರೆಯ ಮಾತುಗಳನ್ನು ಅವನು ಅಕ್ಷರಗುಂಡಿನ ಮೇಲೆ ಬರೆದ. ಒಂದು ಮೈಲಿ ನಡೆದು ಸಿದ್ದಾಪುರದಲ್ಲಿ ಅದನ್ನೇ ಬರೆದ. ಬೆಟ್ಟ ಹತ್ತಿ ಜಟಿಂಗ ರಾಮೇಶ್ವರದಲ್ಲಿ ಅದನ್ನೇ ಮೂರನೇ ಸಲ ಬರೆದ. ಮೂರೂ ಕಡೆ ದೊರೆಯ ರಾತ್ರಿಗಳ ಲೆಕ್ಕ ಒಪ್ಪಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಕಸುಬನ್ನೂ ಬರೆದು ಕೆಲಸ ಮುಗಿಸಿದ. ಸಿದ್ದಾಪುರದಲ್ಲಿ ಆ ಸಹಿ 22ನೇ ಸಾಲಿನಲ್ಲಿದೆ, ಅರ್ಧ ಸವೆದಿದೆ. ಬ್ರಹ್ಮಗಿರಿಯ 13ನೇ ಸಾಲಿನ ತುದಿಯಲ್ಲಿ ಅವನ ಹೆಸರೂ ಖರೋಷ್ಠಿಯ ಐದು ಅಕ್ಷರವೂ ಚೆನ್ನಾಗಿ ಉಳಿದಿವೆ, ಹೋದವರು ನೋಡಬೇಕು.